ಚೀಟಿ ಎತ್ತಿ ಜೋಡಿ ಮಾಡುವ ಗಾಲ್ಫ್ ಪಂದ್ಯ: ಜಗಳವಿಲ್ಲದೆ ನಡೆಸುವುದು ಹೇಗೆ?

ಚೀಟಿ ಎತ್ತಿ ಜೊತೆಗಾರರನ್ನು ಹಂಚುವ ಗಾಲ್ಫ್ ಪಂದ್ಯ ಕೇಳೋಕೆ ಬಹಳ ಸುಲಭ. ಹದಿನಾರು ಜನ ಸೇರಬೇಕು, ಹೆಸರು ಬರೆದು ಡಬ್ಬಿಗೆ ಹಾಕಬೇಕು, ಎರಡೆರಡು ಎತ್ತಬೇಕು. ಮುಗೀತು, ಅಲ್ವಾ? ಹಾಗಂದುಕೊಂಡೇ ಬೆಳಗಾವಿಯಲ್ಲಿ ನನಗೆ ಗೊತ್ತಿರುವ ಮೂರ್ನಾಲ್ಕು ಗುಂಪುಗಳು ಶುರು ಮಾಡಿದವು. ಎಲ್ಲರೂ ಒಂದೇ ಕಡೆ ಎಡವಿದರು. ಮೊದಲು ಚೀಟಿ ಎತ್ತಿದರು, ಆಮೇಲೆ ನಿಯಮ ಮಾಡಲು ಕುಳಿತರು.

ಯಾರಿಗೆ ಯಾರು ಎಂದು ಗೊತ್ತಾದ ಮೇಲೆ ನಿಯಮ ಮಾಡಿದರೆ, ಪ್ರತಿಯೊಬ್ಬರಿಗೂ ತಮ್ಮ ಜೋಡಿಗೆ ಅನುಕೂಲವಾದದ್ದೇ ನ್ಯಾಯ ಅನಿಸುತ್ತದೆ. ನಾನೂ ಮೊದಲ ಸಲ ಇದೇ ತಪ್ಪು ಮಾಡಿದೆ. ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ನೋಡಿ ಅವರ ಲೆಕ್ಕದಿಂದ ಕಳೆಯುವ ಹೊಡೆತ) ಎಷ್ಟು ಕೊಡಬೇಕು ಎಂಬ ವಾದದಲ್ಲೇ ಮುಕ್ಕಾಲು ತಾಸು ಹೋಯಿತು. ಕೊನೆಯ ಗುಂಪು ಬಿಸಿಲೇರಿದ ಮೇಲೆ ಆಡಲು ಹೋಯಿತು. ಆ ನಾಲ್ವರಲ್ಲಿ ಇಬ್ಬರು ಮುಂದಿನ ಸಲ ಬರಲೇ ಇಲ್ಲ.

ಹಾಗಾಗಿ ಇಲ್ಲಿ ಹಂತಗಳ ಕ್ರಮವೇ ಮುಖ್ಯ. ಐದನೇ ಹಂತಕ್ಕೆ ಬರುವವರೆಗೆ ಚೀಟಿ ಮುಟ್ಟಬೇಡಿ. ಗಾಲ್ಫ್ ಆಡಲು ಬರುವ, ಆದರೆ ಪಂದ್ಯ ನಡೆಸಿ ಗೊತ್ತಿಲ್ಲದ 8ರಿಂದ 24 ಜನರ ಗೆಳೆಯರ ಗುಂಪಿಗಾಗಿ ಇದನ್ನು ಬರೆದಿದ್ದೇನೆ.

## ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಮುಚ್ಚಳವಿರುವ ಎರಡು ಡಬ್ಬಿ ಬೇಕು. ಕುಂದಾ ತಿಂದು ಖಾಲಿಯಾದ ಪ್ಲಾಸ್ಟಿಕ್ ಡಬ್ಬಿ ಸಾಕು, ಒಂದಕ್ಕೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ ಪಟ್ಟಿ ಅಂಟಿಸಿ. ಒಂದೇ ಹಾಳೆಯಿಂದ ಕತ್ತರಿಸಿದ ಒಂದೇ ಅಳತೆಯ ಚೀಟಿಗಳು, ಮೈದಾನದ ಸ್ಕೋರ್ ಕಾರ್ಡುಗಳು, ತಲೆಗೊಂದರಂತೆ ಪೆನ್ಸಿಲ್, ಚೆಂಡಿಗೆ ಗುರುತು ಹಾಕಲು ಮಾರ್ಕರ್ ಪೆನ್ನು, ಒಂದು ಲಕೋಟೆ, ಎಲ್ಲರಿಗೂ ಕಾಣುವಷ್ಟು ದೊಡ್ಡ ಬಿಳಿ ಹಾಳೆ. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು. ಇಬ್ಬನಿಗೆ ಒದ್ದೆಯಾದ ಕಾರ್ಡಿನ ಮೇಲೆ ಶಾಯಿ ಕಲಸಿಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಆ ದಿನ ಆಡದಿರುವ ಒಬ್ಬ ಮನುಷ್ಯ ಬೇಕು. ಮೊಣಕಾಲು ನೋವಿನವರು, ಯಾರದೋ ಮನೆಯವರು, ಕಾಲೇಜಿಗೆ ಹೋಗುವ ಮಗಳು, ಯಾರಾದರೂ ಆದೀತು. ಚೀಟಿ ಎತ್ತುವುದು, ಲಕೋಟೆ ಕಾಯುವುದು, ಕಾರ್ಡ್ ಲೆಕ್ಕ ಮಾಡುವುದು ಇವರ ಕೆಲಸ. ಆಡುವವರೇ ಲೆಕ್ಕವನ್ನೂ ಮಾಡಿದರೆ ಲೆಕ್ಕ ಸರಿಯಿದ್ದರೂ ಅನುಮಾನ ತಪ್ಪುವುದಿಲ್ಲ.

## ಹಂತ 1: ದಿನ, ಜನ, ಸಮಯ ಗಟ್ಟಿ ಮಾಡಿ

ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಂದ್ಯ ಇಡುವುದು ಬೇಡ. ಮಳೆ ಬಿಡುವು ಕೊಟ್ಟರೂ ನೆಲ ಬಿಡುವುದಿಲ್ಲ, ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಕಾಟ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಚಳಿಗಾಲದಲ್ಲಿ ಉತ್ಸಾಹದಿಂದ ಬೆಳಿಗ್ಗೆ ಆರಕ್ಕೇ ಶುರು ಅನ್ನಬೇಡಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಕಾಣುವುದೇ ಏಳರ ಸುಮಾರಿಗೆ. ಮಬ್ಬಿನಲ್ಲಿ ಹೊಡೆದ ಚೆಂಡನ್ನು ಹುಡುಕುವುದರಲ್ಲೇ ಮೊದಲ ಗುಂಪಿನ ಸಮಯ ಹೋಗುತ್ತದೆ. ಅವರ ಹಿಂದೆ ಎಲ್ಲರೂ ಸಾಲುಗಟ್ಟುತ್ತಾರೆ. ಆ ತಿಂಗಳುಗಳಲ್ಲಿ ಮೊದಲ ಹೊಡೆತ ಏಳೂಕಾಲಕ್ಕೆ ಇಡಿ. ಇಬ್ಬನಿ ಬಿದ್ದ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಚೆಂಡು ನಿಧಾನ ಓಡುತ್ತದೆ ಎಂದು ಹೊಸಬರಿಗೆ ಮೊದಲೇ ಹೇಳಿ.

ಜನ ನಾಲ್ಕರ ಮಗ್ಗಿಯಲ್ಲಿ ಇರಲಿ: 8, 12, 16, 20, 24. ನಾಲ್ವರ ಗುಂಪಿಗೆ 18 ಹೋಲ್ (ಮೊದಲ ಹೊಡೆತದಿಂದ ಕುಳಿಯವರೆಗಿನ ದಾರಿ ಒಂದು ಹೋಲ್) ಆಡಲು ನಾಲ್ಕರಿಂದ ನಾಲ್ಕೂವರೆ ತಾಸು ಬೇಕು. 9 ಹೋಲ್‌ಗೆ ಎರಡು ತಾಸಿನ ಮೇಲೆ ಸ್ವಲ್ಪ. ಗುಂಪಿನಿಂದ ಗುಂಪಿಗೆ ಹತ್ತು ನಿಮಿಷದ ಅಂತರ ಬಿಟ್ಟರೆ, 16 ಜನರಲ್ಲಿ ಕೊನೆಯ ಗುಂಪು ಮೊದಲ ಗುಂಪಿಗಿಂತ ಅರ್ಧ ತಾಸು ತಡವಾಗಿ ಹೊರಡುತ್ತದೆ. ಮೊದಲ ಸಲ ನಡೆಸುವವರು 9 ಹೋಲ್‌ಗೇ ನಿಲ್ಲಿಸಿ. ಹದಿನೆಂಟು ಆಡಿಸುವ ಚಪಲ ಎರಡನೇ ಸಲಕ್ಕೆ ಇರಲಿ.

ಬಾಗಲಕೋಟೆ, ವಿಜಯಪುರದಿಂದ ಗೆಳೆಯರು ಬರುವುದಿದ್ದರೆ ಅವರನ್ನು ಹಿಂದಿನ ರಾತ್ರಿಯೇ ಬರಹೇಳಿ. ಬೆಳಗಿನ ಜಾವ ಎದ್ದು ತಾಸುಗಟ್ಟಲೆ ಗಾಡಿ ಓಡಿಸಿ, ನೇರವಾಗಿ ಮೊದಲ ಟೀಗೆ (ಹೋಲ್ ಶುರುವಾಗುವ ಜಾಗ) ಬಂದು ನಿಂತವರ ಬೆನ್ನು ತಿರುಗುವುದಿಲ್ಲ.

ಮೈದಾನದ ಕಚೇರಿಯಲ್ಲಿ ದಿನ, ಜನರ ಸಂಖ್ಯೆ, ಹೊರಗಿನವರ ಹೆಸರು ಕೊಟ್ಟು ಅನುಮತಿ ಪಡೆದ ಮೇಲೆಯೇ ವಾಟ್ಸಾಪ್ ಗುಂಪಿನಲ್ಲಿ ಹಾಕಿ. ಆಟಗಾರರ ಚೀಲ ಹೊರುವ ಕ್ಯಾಡಿಗಳು ಎಷ್ಟು ಜನ ಬೇಕೆಂಬುದನ್ನೂ ಅವತ್ತೇ ಹೇಳಿ.

## ಹಂತ 2: ಆಟದ ಬಗೆ ಆರಿಸಿ

ಇಬ್ಬರು ಸೇರಿ ಆಡುವ ಬಗೆಗಳು ಹಲವು ಇವೆ. ಚೀಟಿ ಜೋಡಿಗೆ ಹೊಂದುವುದು ಎರಡೇ ಎರಡು.

ಒಂದು, ಸ್ಕ್ರ್ಯಾಂಬಲ್. ಇಬ್ಬರೂ ಹೊಡೆಯುತ್ತಾರೆ. ಎರಡರಲ್ಲಿ ಒಳ್ಳೆಯ ಚೆಂಡನ್ನು ಆರಿಸಿಕೊಂಡು, ಮುಂದಿನ ಹೊಡೆತವನ್ನು ಇಬ್ಬರೂ ಅಲ್ಲಿಂದಲೇ ಹೊಡೆಯುತ್ತಾರೆ. ಹೋಲ್ ಮುಗಿಯುವವರೆಗೂ ಹೀಗೇ. ಗುಂಪಿನಲ್ಲಿ ಅರ್ಧದಷ್ಟು ಹೊಸಬರಿದ್ದರೆ ಇದನ್ನೇ ಹಿಡಿಯಿರಿ. ಕೆಟ್ಟ ಹೊಡೆತ ಯಾರಿಗೂ ನೆನಪಿರುವುದಿಲ್ಲ, ಆಟವೂ ಬೇಗ ಸಾಗುತ್ತದೆ.

ಎರಡು, ಫೋರ್‌ಬಾಲ್. ಪ್ರತಿಯೊಬ್ಬರೂ ತಮ್ಮ ಚೆಂಡನ್ನೇ ಕೊನೆಯವರೆಗೆ ಆಡುತ್ತಾರೆ. ಪ್ರತಿ ಹೋಲ್‌ನಲ್ಲಿ ಇಬ್ಬರಲ್ಲಿ ಯಾರದು ಚೆನ್ನಾಗಿದೆಯೋ ಅದು ಜೋಡಿಯ ಲೆಕ್ಕಕ್ಕೆ. ಹೆಚ್ಚಿನವರಿಗೆ ಹ್ಯಾಂಡಿಕ್ಯಾಪ್ ಇದ್ದರೆ ಇದು ಹೆಚ್ಚು ರುಚಿಯ ಆಟ.

ಫೋರ್‌ಸಮ್ ಎಂಬ ಮೂರನೆಯದನ್ನು ಯಾರಾದರೂ ಖಂಡಿತ ಎತ್ತುತ್ತಾರೆ. ಒಂದೇ ಚೆಂಡನ್ನು ಒಬ್ಬರಾದ ಮೇಲೆ ಒಬ್ಬರು ಹೊಡೆಯುವ ಆಟ ಅದು. ಹತ್ತು ವರ್ಷ ಜೊತೆಗೆ ಆಡಿದವರಿಗೆ ಸರಿ. ಆ ಬೆಳಿಗ್ಗೆ ಮೊದಲ ಸಲ ಕೈ ಕುಲುಕಿದವರಿಗೆ ಬೇಡ. ನೀವು ಬಂಕರಿಗೆ (ಮರಳಿನ ಗುಂಡಿಗೆ) ಹೊಡೆದ ಚೆಂಡನ್ನು ಜೊತೆಗಾರ ತೆಗೆಯಬೇಕು. ಮೂರನೇ ಹೋಲ್ ಹೊತ್ತಿಗೆ ಇಬ್ಬರ ನಡುವೆ ಮಾತು ಕಮ್ಮಿಯಾಗಿರುತ್ತದೆ.

ಫೋರ್‌ಬಾಲ್ ಆರಿಸಿದರೆ ಹೊಡೆತ ಎಣಿಸುವ ಬದಲು ಸ್ಟೇಬಲ್‌ಫೋರ್ಡ್ ಅಂಕ ಇಡಿ. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತ) ಬಂದರೆ 2 ಅಂಕ, ಒಂದು ಜಾಸ್ತಿಯಾದರೆ 1, ಎರಡು ಅಥವಾ ಅದಕ್ಕಿಂತ ಜಾಸ್ತಿಯಾದರೆ ಸೊನ್ನೆ. ಪಾರ್‌ಗಿಂತ ಒಂದು ಕಮ್ಮಿಯಾದರೆ 3, ಎರಡು ಕಮ್ಮಿಯಾದರೆ 4. ಒಂದು ಹೋಲ್‌ನಲ್ಲಿ ಹನ್ನೊಂದು ಹೊಡೆದವನ ಪಂದ್ಯ ಅಲ್ಲಿಗೇ ಮುಗಿಯುವುದಿಲ್ಲ. ಚೆಂಡು ಎತ್ತಿ ಜೇಬಿಗೆ ಹಾಕಿಕೊಂಡು ಮುಂದಿನ ಹೋಲ್‌ಗೆ ನಡೆದರಾಯಿತು.

## ಹಂತ 3: ಹ್ಯಾಂಡಿಕ್ಯಾಪ್ ಪಟ್ಟಿ ಮುಗಿಸಿ

ಜಗಳದ ತಾಯಿಬೇರು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಪಂದ್ಯಕ್ಕೆ ಎರಡು ದಿನ ಮುಂಚೆ ಎಲ್ಲರ ಹ್ಯಾಂಡಿಕ್ಯಾಪ್ ಒಂದು ಪಟ್ಟಿಯಲ್ಲಿ ಬರೆದು ಗುಂಪಿನಲ್ಲಿ ಹಾಕಿ. ಆಕ್ಷೇಪಕ್ಕೆ ಒಂದು ದಿನ ಕೊಡಿ. ಆಮೇಲೆ ಪಟ್ಟಿ ಬದಲಾಗುವುದಿಲ್ಲ. ನಮ್ಮ ಗುಂಪಿನಲ್ಲಿ ಯಾರದ್ದೇ ಆಗಲಿ 28ಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ನೀವೂ ಒಂದು ಮಿತಿ ಇಟ್ಟುಕೊಳ್ಳಿ.

ಇಬ್ಬರು ಸೇರಿ ಆಡುವಾಗ ಪೂರ್ತಿ ಹ್ಯಾಂಡಿಕ್ಯಾಪ್ ಕೊಡುವಂತಿಲ್ಲ. ಈ ತಪ್ಪನ್ನು ಬಹಳ ಜನ ಮಾಡುತ್ತಾರೆ. ಪೂರ್ತಿ ಕೊಟ್ಟರೆ ದೊಡ್ಡ ಹ್ಯಾಂಡಿಕ್ಯಾಪಿನ ಜೋಡಿಗಳೇ ಪ್ರತಿ ಸಲ ಗೆಲ್ಲುತ್ತವೆ. ರೂಢಿಯಲ್ಲಿರುವ ಲೆಕ್ಕ ಹೀಗಿದೆ. ಹೊಡೆತ ಅಥವಾ ಅಂಕ ಎಣಿಸುವ ಫೋರ್‌ಬಾಲ್‌ಗೆ ಪ್ರತಿಯೊಬ್ಬರಿಗೂ ಶೇ. 85. ಇಬ್ಬರ ಸ್ಕ್ರ್ಯಾಂಬಲ್‌ಗೆ ಚಿಕ್ಕ ಹ್ಯಾಂಡಿಕ್ಯಾಪಿನ ಶೇ. 35, ದೊಡ್ಡದರ ಶೇ. 15, ಎರಡನ್ನೂ ಕೂಡಿಸಿ ಜೋಡಿಗೆ.

ಒಂದು ಜೋಡಿಯಲ್ಲಿ ಒಬ್ಬರದು 10, ಇನ್ನೊಬ್ಬರದು 24 ಅಂದುಕೊಳ್ಳಿ. ಸ್ಕ್ರ್ಯಾಂಬಲ್ ಆದರೆ 3.5 ಮತ್ತು 3.6 ಸೇರಿ 7.1, ಅಂದರೆ ಜೋಡಿಗೆ 7 ಹೊಡೆತ. ಫೋರ್‌ಬಾಲ್ ಆದರೆ 10ರವರಿಗೆ 8.5, ಅಂದರೆ 9. 24ರವರಿಗೆ 20.4, ಅಂದರೆ 20. ಅರ್ಧ ಬಂದರೆ ಮೇಲಕ್ಕೆ ಹಿಡಿಯಬೇಕು.

ಈ ಹೊಡೆತಗಳನ್ನು ಎಲ್ಲಿ ಕೊಡಬೇಕು? ಕಾರ್ಡಿನಲ್ಲಿ ಪ್ರತಿ ಹೋಲ್ ಎದುರು ಸ್ಟ್ರೋಕ್ ಇಂಡೆಕ್ಸ್ ಎಂಬ ಸಂಖ್ಯೆ ಇರುತ್ತದೆ, ಹೋಲ್‌ಗಳ ಕಷ್ಟದ ಕ್ರಮ ಅದು. 9 ಸಿಕ್ಕವರಿಗೆ ಇಂಡೆಕ್ಸ್ 1ರಿಂದ 9ರವರೆಗಿನ ಹೋಲ್‌ಗಳಲ್ಲಿ ಒಂದೊಂದು. 20 ಸಿಕ್ಕವರಿಗೆ ಹದಿನೆಂಟರಲ್ಲೂ ಒಂದೊಂದು, ಉಳಿದ ಎರಡು ಇಂಡೆಕ್ಸ್ 1 ಮತ್ತು 2ರಲ್ಲಿ. ಮೊದಲ ಟೀಗೆ ಹೋಗುವ ಮುಂಚೆಯೇ ಆ ಹೋಲ್‌ಗಳ ಮೇಲೆ ಚುಕ್ಕೆ ಇಟ್ಟುಕೊಡಿ. ಆಟದ ನಡುವೆ ಯಾರೂ ಗಣಿತ ಮಾಡಬಾರದು.

ಹ್ಯಾಂಡಿಕ್ಯಾಪ್ ಇಲ್ಲದವರು ಜಾಸ್ತಿ ಇದ್ದರೆ? ಆಗ ಪಿಯೋರಿಯಾ ಎಂಬ ಉಪಾಯ ಇದೆ. ಆಡದಿರುವ ಆ ಮನುಷ್ಯ ಗುಟ್ಟಾಗಿ ಆರು ಹೋಲ್ ಆರಿಸಿ ಲಕೋಟೆಯಲ್ಲಿಡುತ್ತಾರೆ. ಪಾರ್ 3ರ ಎರಡು, ಪಾರ್ 4ರ ಎರಡು, ಪಾರ್ 5ರ ಎರಡು. ಆಟ ಮುಗಿದ ಮೇಲೆ ಆ ಆರರಲ್ಲಿ ಆಟಗಾರ ಹೊಡೆದದ್ದನ್ನು ಕೂಡಿಸಿ ಮೂರರಿಂದ ಗುಣಿಸಬೇಕು. ಅದರಿಂದ ಮೈದಾನದ ಪಾರ್ ಕಳೆಯಬೇಕು. ಉಳಿದದ್ದರ ಶೇ. 80 ಅವರ ಆ ದಿನದ ಹ್ಯಾಂಡಿಕ್ಯಾಪ್. ಆರು ಹೋಲ್‌ನಲ್ಲಿ 30 ಹೊಡೆದರೆ ಮೂರು ಪಟ್ಟು 90, ಪಾರ್ 72 ಕಳೆದರೆ 18, ಅದರ ಶೇ. 80 ಅಂದರೆ 14.4. 9 ಹೋಲ್ ಪಂದ್ಯವಾದರೆ ಪಾರ್ 3, 4, 5ರ ಒಂದೊಂದು ಹೋಲ್ ಆರಿಸಿ ಇದೇ ಲೆಕ್ಕ ಮಾಡಬಹುದು.

ಪಿಯೋರಿಯಾದಲ್ಲಿ ಎರಡು ಎಚ್ಚರಿಕೆ ಬೇಕು. ಒಂದು ಹೋಲ್‌ಗೆ ಪಾರ್‌ನ ಎರಡು ಪಟ್ಟಿಗಿಂತ ಜಾಸ್ತಿ ಬರೆಯುವಂತಿಲ್ಲ ಎಂಬ ಮಿತಿ ಇಡಿ. ಇಲ್ಲದಿದ್ದರೆ ಗುಟ್ಟಿನ ಹೋಲ್‌ನಲ್ಲಿ ಹದಿನಾಲ್ಕು ಹೊಡೆದವನಿಗೆ ಲಾಟರಿ ಹೊಡೆದಂತೆ. ಎರಡನೆಯದು, ಕೆಲವರಿಗೆ ನಿಜವಾದ ಹ್ಯಾಂಡಿಕ್ಯಾಪ್, ಕೆಲವರಿಗೆ ಪಿಯೋರಿಯಾ ಎಂದು ಬೆರೆಸಬೇಡಿ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನರಿಗೆ ಹ್ಯಾಂಡಿಕ್ಯಾಪ್ ಇಲ್ಲದಿದ್ದರೆ ಎಲ್ಲರಿಗೂ ಪಿಯೋರಿಯಾ. ತಮ್ಮ ಹ್ಯಾಂಡಿಕ್ಯಾಪ್ ಉಬ್ಬಿಸಿಕೊಂಡು ಬರುವ ಚಾಣಾಕ್ಷರಿಗೂ ಇದೇ ಮದ್ದು.

## ಹಂತ 4: ನಿಯಮ ಒಂದು ಪುಟದಲ್ಲಿ ಬರೆಯಿರಿ

ಒಂದೇ ಪುಟ. ಎರಡಾದರೆ ಯಾರೂ ಓದುವುದಿಲ್ಲ. ಇವಿಷ್ಟು ಅದರಲ್ಲಿ ಇರಲೇಬೇಕು.

ಚೆಂಡು ಹುಡುಕಲು ಮೂರು ನಿಮಿಷ. ಮೊದಲು ಐದಿತ್ತು, 2019ರಿಂದ ಮೂರಾಗಿದೆ. ಹಳಬರಿಗೆ ಇದನ್ನು ನೆನಪಿಸಬೇಕಾಗುತ್ತದೆ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಪೊದೆಗಳಲ್ಲಿ ಚಿರತೆ ಅಡಗಿ, ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆಗಳನ್ನು ತರಿಸಿದ್ದು ಊರಿಗೆಲ್ಲ ಗೊತ್ತು. ಆಮೇಲೆ ಕೆಲವು ದಿನ ನಮ್ಮವರು ಮೂರು ನಿಮಿಷ ಬಿಡಿ, ಮೂವತ್ತು ಸೆಕೆಂಡಿಗೇ ಚೆಂಡಿನ ಆಸೆ ಬಿಡುತ್ತಿದ್ದರು. ಈಗ ಮತ್ತೆ ಹಳೇ ಚಾಳಿ.

ಕಳೆದ ಚೆಂಡಿಗೆ ವಾಪಸ್ ಟೀಗೆ ನಡೆದು ಹೋಗುವುದು ಬೇಡ. ಎರಡು ಹೊಡೆತ ದಂಡ ತೆಗೆದುಕೊಂಡು ಹತ್ತಿರದ ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಅಂಚಿನಲ್ಲಿ ಹೊಸ ಚೆಂಡು ಬಿಡುವ ಸ್ಥಳೀಯ ನಿಯಮವೂ 2019ರಿಂದ ಇದೆ. ಅದನ್ನು ಪುಟದಲ್ಲಿ ಬರೆದರೆ ಮಾತ್ರ ಅದು ಜಾರಿ.

ಪಟ್ (ಗ್ರೀನ್ ಮೇಲಿನ ಮೆಲು ಹೊಡೆತ) ಬಿಟ್ಟುಕೊಡುವುದು, ಅಂದರೆ ಹೊಡೆಯದೆಯೇ ಒಳಹೋಯಿತೆಂದು ಒಪ್ಪುವುದು, ಇದೆಯೋ ಇಲ್ಲವೋ? ಇದ್ದರೆ ಎಷ್ಟು ದೂರ? ಪಟರಿನ ಹಿಡಿಕೆಯಷ್ಟು ದೂರ ಎಂದು ಬರೆದುಬಿಡಿ, ಅಳೆಯಲು ಸುಲಭ. "ಹತ್ತಿರ ಇದ್ದರೆ ಬಿಟ್ಟುಕೊಡಿ" ಎಂದು ಬರೆದರೆ ಪ್ರತಿಯೊಬ್ಬರ ಹತ್ತಿರವೂ ಬೇರೆ.

ಸ್ಕ್ರ್ಯಾಂಬಲ್ ಆದರೆ ಇನ್ನೆರಡು ಸಾಲು ಸೇರಿಸಿ. ಆರಿಸಿದ ಚೆಂಡಿನ ಜಾಗದಿಂದ ಒಂದು ಕ್ಲಬ್ (ಹೊಡೆಯುವ ಕೋಲು) ಉದ್ದದೊಳಗೆ ಇನ್ನೊಂದು ಚೆಂಡು ಇಡಬೇಕು, ಹೋಲ್‌ಗೆ ಹತ್ತಿರವಾಗಬಾರದು. ಬಂಕರಿನಲ್ಲಿದ್ದರೆ ಬಂಕರಿನಲ್ಲೇ, ರಫ್‌ನಲ್ಲಿದ್ದರೆ (ಉದ್ದ ಹುಲ್ಲಿನಲ್ಲಿದ್ದರೆ) ರಫ್‌ನಲ್ಲೇ. ಮತ್ತು 9 ಹೋಲ್‌ನಲ್ಲಿ ಪ್ರತಿಯೊಬ್ಬರ ಟೀ ಹೊಡೆತವನ್ನು ಕಮ್ಮಿ ಎಂದರೆ 3 ಸಲ, 18ರಲ್ಲಿ 6 ಸಲ ಬಳಸಲೇಬೇಕು. ಈ ಎರಡನೇ ಸಾಲು ಇಲ್ಲದಿದ್ದರೆ ಜೋಡಿಯಲ್ಲಿ ಒಬ್ಬರು ಆಡುತ್ತಾರೆ, ಇನ್ನೊಬ್ಬರು ವಾಕಿಂಗ್ ಮಾಡುತ್ತಾರೆ.

ಸಿಡಿಲು ಮಿಂಚು ಕಂಡರೆ ಆಟ ನಿಲ್ಲಿಸಿ ಕಟ್ಟಡಕ್ಕೆ ಬರಬೇಕು, ಮರದ ಕೆಳಗೆ ನಿಲ್ಲಬಾರದು. ಚೆಂಡು ಜನರ ಕಡೆ ಹೋದರೆ "ಫೋರ್" ಎಂದು ಗಟ್ಟಿಯಾಗಿ ಕೂಗಬೇಕು. ಇವೆರಡಕ್ಕೆ ವಿವರಣೆ ಬೇಡ.

ಕೊನೆಯ ಸಾಲು ದಪ್ಪ ಅಕ್ಷರದಲ್ಲಿ: ಎತ್ತಿದ ಚೀಟಿ ಬದಲಾಗುವುದಿಲ್ಲ.

## ಹಂತ 5: ಈಗ ಚೀಟಿ

ಎಲ್ಲ ಹೆಸರನ್ನೂ ಒಂದೇ ಡಬ್ಬಿಗೆ ಹಾಕಿ ಎರಡೆರಡು ಎತ್ತುವುದು ಎಲ್ಲರೂ ಮಾಡುವ ತಪ್ಪು. ಇಬ್ಬರು ಸಿಂಗಲ್ (ಒಂದಂಕಿಯ) ಹ್ಯಾಂಡಿಕ್ಯಾಪಿನವರು ಒಂದೇ ಜೋಡಿಯಾದರೆ ಉಳಿದವರು ಎರಡನೇ ಸ್ಥಾನಕ್ಕೆ ಆಡುತ್ತಾರೆ. ಇಬ್ಬರು ಹೊಸಬರು ಜೋಡಿಯಾದರೆ ಆ ಬೆಳಿಗ್ಗೆ ಪೂರ್ತಿ ಪೊದೆಯಲ್ಲೇ.

ಹ್ಯಾಂಡಿಕ್ಯಾಪ್ ಪಟ್ಟಿಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಯಿರಿ. ನಡುವೆ ಗೆರೆ ಎಳೆಯಿರಿ. ಮೇಲಿನ ಅರ್ಧ ಕೆಂಪು ಡಬ್ಬಿಗೆ, ಕೆಳಗಿನ ಅರ್ಧ ನೀಲಿ ಡಬ್ಬಿಗೆ. ಕೆಂಪಿನಿಂದ ಒಂದು, ನೀಲಿಯಿಂದ ಒಂದು. ಪಿಯೋರಿಯಾ ಆಡುವವರು ಗುಂಪಿನ ಇಬ್ಬರು ಹಿರಿಯರನ್ನು ಕೂರಿಸಿ ಅಂದಾಜಿನ ಮೇಲೆ ಗೆರೆ ಎಳೆದರೆ ಸಾಕು. ಡಬ್ಬಿ ವಿಂಗಡಿಸಲು ಅಷ್ಟು ನಿಖರತೆ ಬೇಡ.

ಚೀಟಿಗಳನ್ನೆಲ್ಲ ಒಬ್ಬರೇ, ಒಂದೇ ರೀತಿ ಎರಡು ಸಲ ಮಡಚಬೇಕು. ನಮ್ಮಲ್ಲಿ ಒಮ್ಮೆ ಅವರವರ ಚೀಟಿ ಅವರವರೇ ಮಡಚಿದರು. ಒಬ್ಬರದು ಬೀಡಿಯ ಹಾಗೆ ಸುರುಳಿ, ಒಬ್ಬರದು ಸಮೋಸಾದ ಹಾಗೆ ಮೂಲೆ ಮೂಲೆ. ಡಬ್ಬಿಗೆ ಕೈ ಹಾಕಿದವರಿಗೆ ಬೆರಳಲ್ಲೇ ಹೆಸರು ಗೊತ್ತಾಗುತ್ತಿತ್ತು.

ಎತ್ತುವವರು ಆಡದಿರುವ ಆ ಮನುಷ್ಯ. ಡಬ್ಬಿ ತಲೆಯ ಮಟ್ಟಕ್ಕಿಂತ ಮೇಲಿರಲಿ. ಎತ್ತಿದ ತಕ್ಷಣ ಗಟ್ಟಿಯಾಗಿ ಓದಿ, ದೊಡ್ಡ ಹಾಳೆಯ ಮೇಲೆ ಬರೆದು, ಆಮೇಲೆಯೇ ಮುಂದಿನ ಚೀಟಿಗೆ ಕೈ ಹಾಕಬೇಕು. ಎಲ್ಲ ಜೋಡಿಗಳಾದ ಮೇಲೆ ಜೋಡಿಗೊಂದು ಸಂಖ್ಯೆ ಕೊಟ್ಟು ಮತ್ತೊಮ್ಮೆ ಎತ್ತಿ: ಯಾವ ಎರಡು ಜೋಡಿ ಒಂದು ಗುಂಪು, ಯಾರು ಮೊದಲು ಹೊರಡಬೇಕು ಎಂಬುದಕ್ಕೆ. ಈ ಎರಡನೇ ಸುತ್ತನ್ನು ಮರೆತು, "ನೀವು ನಾಲ್ವರು ಹೋಗಿ" ಎಂದು ಕೈ ತೋರಿಸಿದರೆ ಮೊದಲ ಚೀಟಿಯ ನ್ಯಾಯವೂ ಹಾಳು. ಹಾಳೆಯ ಫೋಟೊ ತೆಗೆದು ಕೂಡಲೇ ವಾಟ್ಸಾಪ್‌ಗೆ ಹಾಕಿ.

ಮೊಬೈಲಿನಲ್ಲಿ ಜೋಡಿ ಮಾಡುವ ಆ್ಯಪ್‌ಗಳಿವೆ. ಅವು ಸರಿಯಾಗಿಯೇ ಮಾಡುತ್ತವೆ. ಆದರೆ ಜನ ಕಣ್ಣಾರೆ ನೋಡಿದ್ದನ್ನು ನಂಬುತ್ತಾರೆ. "ಮೂರು ಸಲ ಒತ್ತಿ ನಾಲ್ಕನೇ ಸಲದ್ದು ತೋರಿಸಿದ್ರಿ" ಎಂಬ ಮಾತು ಕೇಳಬೇಕಾಗುತ್ತದೆ.

ಇನ್ನು ಬದಲಾವಣೆಯ ಒತ್ತಾಯ. ಅದು ಬಂದೇ ಬರುತ್ತದೆ. ಒಂದೇ ಗಾಡಿಯಲ್ಲಿ ಬಂದಿದ್ದೇವೆ, ಅವರ ಜೊತೆ ನನಗೆ ಮಾತಿಲ್ಲ, ನಮ್ಮ ಆಫೀಸಿನ ಸಾಹೇಬರ ಜೊತೆ ಹೇಗೆ ಆಡಲಿ. ನಮ್ಮ ಹಿರಿಯರೊಬ್ಬರ ಉತ್ತರ ನನಗೆ ಇಷ್ಟ. "ಏನ್ರಿ, ಒಂದ ಚೀಟಿ ಬದಲಿ ಮಾಡಿದ್ರ ಏನಾಗತೈತಿ?" ಎಂದು ಒಬ್ಬರು ಕೇಳಿದರು. "ಏನೂ ಆಗಂಗಿಲ್ರಿ. ಪಂದ್ಯ ಒಂದ ಆಗಂಗಿಲ್ಲ" ಎಂದರು ಅವರು. ಒಂದು ಬದಲಾದರೆ ಹತ್ತು ನಿಮಿಷದಲ್ಲಿ ಇನ್ನು ನಾಲ್ಕು ಬದಲಾಗುತ್ತವೆ. ಯಾರಿಗಾದರೂ ನಿಜವಾದ ತೊಂದರೆ ಇದ್ದರೆ, ಉದಾಹರಣೆಗೆ ಬೇಗ ಆಸ್ಪತ್ರೆಯ ಡ್ಯೂಟಿಗೆ ಹೋಗಬೇಕಿದ್ದರೆ, ಅದನ್ನು ಚೀಟಿಗೆ ಮೊದಲು ಹೇಳಬೇಕು. ಆಗ ಅವರ ಜೋಡಿಗೆ ಮೊದಲ ಗುಂಪು ಕೊಡಬಹುದು. ಜೊತೆಗಾರ ಮಾತ್ರ ಚೀಟಿಯಿಂದಲೇ.

ಇಷ್ಟೆಲ್ಲ ತಲೆನೋವು ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ: ಚೀಟಿಯನ್ನು ಆಟ ಮುಗಿದ ಮೇಲೆ ಎತ್ತುವುದು. ಎಲ್ಲರೂ ಒಬ್ಬೊಬ್ಬರಾಗಿ ಸ್ಟೇಬಲ್‌ಫೋರ್ಡ್ ಆಡುತ್ತಾರೆ, ಕಾರ್ಡ್ ಒಪ್ಪಿಸುತ್ತಾರೆ, ತಿಂಡಿಯ ಹೊತ್ತಿಗೆ ಜೋಡಿ ಗೊತ್ತಾಗುತ್ತದೆ. ಇಬ್ಬರ ಅಂಕ ಕೂಡಿಸಿದರೆ ಆಯಿತು. ಎಲ್ಲ ಕಾರ್ಡುಗಳೂ ಕೈಗೆ ಬಂದ ಮೇಲೆ ಮಾತ್ರ ಎತ್ತಬೇಕು ಎಂಬುದೊಂದೇ ಷರತ್ತು. ಜೊತೆಗೆ ಆಡುವ ಖುಷಿ ಇದರಲ್ಲಿ ಇಲ್ಲ. ಆದರೆ ಮೊದಲ ಸಲ ನಡೆಸುವವರಿಗೆ ನಾನು ಇದನ್ನೇ ಹೇಳುವುದು.

## ಹಂತ 6: ಒಬ್ಬರು ಜಾಸ್ತಿಯಾದರೆ, ಒಬ್ಬರು ತಡವಾದರೆ

ಹದಿನಾರು ಎಂದು ಲೆಕ್ಕ ಹಾಕಿದ ದಿನ ಹದಿನೇಳು ಅಥವಾ ಹದಿನೈದು ಜನ ಬರುತ್ತಾರೆ. ಇದಕ್ಕೆ ಉತ್ತರ ನಾಲ್ಕನೇ ಹಂತದ ಪುಟದಲ್ಲೇ ಇರಬೇಕು.

ಸ್ಕ್ರ್ಯಾಂಬಲ್‌ನಲ್ಲಿ ಒಂಟಿಯಾದವರು ಪ್ರತಿ ಸಲ ಎರಡು ಚೆಂಡು ಹೊಡೆಯಲಿ. ಫೋರ್‌ಬಾಲ್‌ನಲ್ಲಿ ಆಟ ಮುಗಿದ ಮೇಲೆ ಎದುರು ಡಬ್ಬಿಯಿಂದ ಒಂದು ಹೆಸರು ಎತ್ತಿ, ಆ ಕಾರ್ಡನ್ನು ಅವರಿಗೆ ಎರವಲು ಕೊಡಿ. ಕಾರ್ಡಿನ ಒಡೆಯರು ತಮ್ಮ ನಿಜವಾದ ಜೋಡಿಯಲ್ಲೂ ಇರುತ್ತಾರೆ, ಅದರಿಂದ ತೊಂದರೆಯಿಲ್ಲ. ಮೂವರ ಜೋಡಿ ಮಾತ್ರ ಮಾಡಬೇಡಿ. ಮೂರು ಚೆಂಡಿನಲ್ಲಿ ಒಳ್ಳೆಯದನ್ನು ಆರಿಸುವವರ ಎದುರು ಇಬ್ಬರು ಏನು ಆಡಿಯಾರು?

ತಡವಾಗಿ ಬಂದವರ ಚೀಟಿ ಹಾಗೇ ಉಳಿಯಲಿ. ಫೋರ್‌ಬಾಲ್‌ನಲ್ಲಿ ಜೋಡಿಯ ಪರವಾಗಿ ಒಬ್ಬರೇ ಆಟ ಶುರು ಮಾಡಬಹುದು. ತಡವಾದವರು ಹೋಲ್ ನಡುವೆ ನುಗ್ಗುವಂತಿಲ್ಲ. ಜೊತೆಗಾರ ಮುಂದಿನ ಹೋಲ್ ಶುರು ಮಾಡುವ ಮೊದಲು ಸೇರಿಕೊಳ್ಳಬೇಕು.

## ಹಂತ 7: ಮೈದಾನದಲ್ಲಿ

ಮೊದಲ ಟೀಯಲ್ಲಿ ಪ್ರತಿಯೊಬ್ಬರೂ ತಮ್ಮ ಚೆಂಡಿನ ಕಂಪನಿ, ನಂಬರು, ಹಾಕಿದ ಗುರುತು ಮೂರನ್ನೂ ಬಾಯಿಬಿಟ್ಟು ಹೇಳಬೇಕು. ನಾಲ್ವರಲ್ಲಿ ಇಬ್ಬರ ಬಳಿ ಒಂದೇ ಕಂಪನಿಯ ಒಂದೇ ನಂಬರಿನ ಚೆಂಡು ಇರುವುದು ಎಷ್ಟು ಸಾಮಾನ್ಯ ಎಂದರೆ, ನನಗೆ ಈಗ ಆಶ್ಚರ್ಯವೇ ಆಗುವುದಿಲ್ಲ.

ಸ್ಕ್ರ್ಯಾಂಬಲ್‌ನಲ್ಲಿ ಕಮ್ಮಿ ಆಡುವವರು ಮೊದಲು ಹೊಡೆಯಲಿ. ಅವರದು ಸರಿಯಾಗಿ ಬಿದ್ದರೆ ಒಳ್ಳೆಯ ಆಟಗಾರ ಧೈರ್ಯವಾಗಿ ಬೀಸಬಹುದು. ಸರಿಯಾಗದಿದ್ದರೂ ನಷ್ಟವಿಲ್ಲ. ಇದನ್ನು ತಿರುಗಿಸಿದರೆ, ಜೊತೆಗಾರನ ಚೆಂಡು ನೀರಿಗೆ ಬಿದ್ದದ್ದನ್ನು ನೋಡಿದ ಹೊಸಬರ ಕೈ ಅಲ್ಲೇ ನಡುಗುತ್ತದೆ. ಪಟ್ ಮಾಡುವಾಗಲೂ ಇದೇ ಕ್ರಮ. ಮೊದಲ ಚೆಂಡು ಎತ್ತ ಬಾಗಿತು ಎಂಬುದನ್ನು ಎರಡನೆಯವರು ನೋಡಿಕೊಳ್ಳುತ್ತಾರೆ.

ಕಡ್ಡಾಯದ ಟೀ ಹೊಡೆತಗಳನ್ನು ಕೊನೆಗೆ ಉಳಿಸಿಕೊಳ್ಳಬೇಡಿ. ಹೊಸಬರ ಹೊಡೆತವನ್ನು ಚಿಕ್ಕ ಪಾರ್ 3ರಲ್ಲಿ, ಅಗಲ ಫೇರ್‌ವೇ ಇರುವಲ್ಲಿ ಮೊದಲೇ ಬಳಸಿ. ಕೊನೆಯ ಉದ್ದದ ಹೋಲ್‌ನಲ್ಲಿ "ಈಗ ನಿಮ್ಮದೇ ಆಗಬೇಕು" ಎಂದರೆ ಅವರ ಅವಸ್ಥೆ ಕೇಳಬೇಡಿ.

ಆಟ ಕೆಡುತ್ತಿದೆ ಎಂಬ ಸೂಚನೆಗಳು ಮೊದಲ ಮೂರ್ನಾಲ್ಕು ಹೋಲ್‌ನಲ್ಲೇ ಕಾಣುತ್ತವೆ. ಒಂದು ಗುಂಪಿನ ಮುಂದೆ ಪೂರ್ತಿ ಒಂದು ಹೋಲ್ ಖಾಲಿ ಇದೆ ಎಂದರೆ ಅವರು ಹಿಂದೆ ಬಿದ್ದಿದ್ದಾರೆ, ಯಾರ ಸರದಿ ಎಂದು ಕಾಯದೆ ಸಿದ್ಧರಾದವರು ಹೊಡೆಯಿರಿ ಎಂದು ಹೇಳಿ ಕಳಿಸಿ. ಜೊತೆಗಾರರಲ್ಲಿ ಒಬ್ಬರು ಇನ್ನೊಬ್ಬರಿಗೆ ಪ್ರತಿ ಹೊಡೆತಕ್ಕೂ ಪಾಠ ಹೇಳುತ್ತಿದ್ದರೆ ಆ ಜೋಡಿ ಒಂಬತ್ತನೇ ಹೋಲ್ ಮುಟ್ಟುವುದು ಕಷ್ಟ. ಕೇಳಿದರೆ ಮಾತ್ರ ಹೇಳಿ ಎಂಬ ಮಾತನ್ನು ಚೀಟಿ ಎತ್ತುವಾಗಲೇ ನಗುತ್ತಾ ಹೇಳಿಬಿಡಿ. ಇನ್ನೊಂದು ಸೂಚನೆ, ಕಾರ್ಡಿನಲ್ಲಿ ಎರಡು ಹೋಲ್‌ಗಿಂತ ಹಿಂದಿನದು ಖಾಲಿ ಇರುವುದು. ನೆನಪಿನಿಂದ ಬರೆದ ಕಾರ್ಡಿನಲ್ಲಿ ಆರು ಯಾವಾಗಲೂ ಐದಾಗುತ್ತದೆ.

ಕ್ಯಾಡಿಗಳಿಗೂ ನೀರು, ತಿಂಡಿ ಎಣಿಕೆಯಲ್ಲಿ ಇರಲಿ. ದೊಡ್ಡ ರಫ್ ಇರುವ ಹೋಲ್‌ನಲ್ಲಿ ಒಬ್ಬ ಕ್ಯಾಡಿ ಮುಂದೆ ನಿಂತು ಚೆಂಡು ಬೀಳುವುದನ್ನು ನೋಡಿದರೆ ಪಂದ್ಯಕ್ಕೆ ಅರ್ಧ ತಾಸು ಉಳಿಯುತ್ತದೆ.

## ಹಂತ 8: ಕಾರ್ಡ್ ಮತ್ತು ಲೆಕ್ಕ

ಒಂದು ಜೋಡಿಯ ಕಾರ್ಡನ್ನು ಎದುರು ಜೋಡಿ ಬರೆಯಬೇಕು. ಗ್ರೀನ್ ಮೇಲೆ ನಿಂತು ಬರೆಯಬಾರದು, ಮುಂದಿನ ಟೀಯಲ್ಲಿ ಬರೆಯಬೇಕು. ಹಿಂದಿನವರು ಕಾಯುತ್ತಿರುತ್ತಾರೆ. ಹೊಡೆದದ್ದನ್ನಷ್ಟೇ ಬರೆಯಿರಿ, ಹ್ಯಾಂಡಿಕ್ಯಾಪ್ ಕಳೆಯುವುದು, ಅಂಕ ಹಾಕುವುದು ಲೆಕ್ಕದವರ ಪಾಲು. ಎಲ್ಲ ಮುಗಿದ ಮೇಲೆ ಬರೆದವರದೂ ಆಡಿದವರದೂ ಸಹಿ.

ಫೋರ್‌ಬಾಲ್‌ನ ಒಂದು ಹೋಲ್ ನೋಡೋಣ. ಪಾರ್ 4, ಸ್ಟ್ರೋಕ್ ಇಂಡೆಕ್ಸ್ 2. ನಮ್ಮ ಹಿಂದಿನ ಜೋಡಿಯಲ್ಲಿ 9 ಹೊಡೆತ ಸಿಕ್ಕವರಿಗೆ ಇಲ್ಲಿ ಒಂದು, 20 ಸಿಕ್ಕವರಿಗೆ ಎರಡು. ಇಬ್ಬರೂ 5 ಹೊಡೆದರು. ಒಳ್ಳೆಯ ಆಟಗಾರರದು ಕಳೆದು 4, ಅಂದರೆ 2 ಅಂಕ. ಇನ್ನೊಬ್ಬರದು ಕಳೆದು 3, ಅಂದರೆ 3 ಅಂಕ. ಜೋಡಿಗೆ ಸಿಗುವುದು 3. ಇಬ್ಬರದನ್ನೂ ಕೂಡಿಸಿ 5 ಎಂದು ಬರೆದ ಕಾರ್ಡುಗಳು ನನ್ನ ಕೈಗೆ ಎಷ್ಟೋ ಸಲ ಬಂದಿವೆ.

ಸಮ ಬಂದರೆ ಕೊನೆಯ 9 ಹೋಲ್ ನೋಡಿ, ಅಲ್ಲೂ ಸಮವಾದರೆ ಕೊನೆಯ 6, ಆಮೇಲೆ 3, ಆಮೇಲೆ ಕೊನೆಯದು. 9 ಹೋಲ್ ಪಂದ್ಯವಾದರೆ ಕೊನೆಯ 6ರಿಂದಲೇ ಶುರು ಮಾಡಿ.

## ಹಂತ 9: ರೊಕ್ಕ, ಬಹುಮಾನ, ಮುಂದಿನ ಸಲ

ರೊಕ್ಕ ಮುಂಚೆಯೇ ಯುಪಿಐನಲ್ಲಿ ತೆಗೆದುಕೊಳ್ಳಿ. ಕೊಟ್ಟವರ ಹೆಸರು ಮಾತ್ರ ಡಬ್ಬಿಗೆ ಹೋಗುತ್ತದೆ ಎಂದರೆ ಶನಿವಾರ ರಾತ್ರಿ ಹೊತ್ತಿಗೆ ಎಲ್ಲವೂ ಬಂದಿರುತ್ತದೆ. ಮೈದಾನದ ಶುಲ್ಕ, ಕ್ಯಾಡಿ, ತಿಂಡಿ, ಬಹುಮಾನ ಎಲ್ಲವೂ ಆ ಮೊತ್ತದಲ್ಲೇ ಮುಗಿಯಲಿ. ಪಣ ಕಟ್ಟುವ ಮಾತು ಬಂದರೆ ಒಪ್ಪಬೇಡಿ. ರೊಕ್ಕ ಬಂದ ಕೂಡಲೇ ಚೀಟಿಯ ಮೇಲೆ ಕಣ್ಣು ಬೀಳುತ್ತದೆ.

ಬಹುಮಾನ ಯಾವಾಗಲೂ ಜೋಡಿಯಲ್ಲೇ ಖರೀದಿಸಿ. ಇಬ್ಬರು ಗೆದ್ದ ಪಂದ್ಯಕ್ಕೆ ಒಂದೇ ಕಪ್ ತಂದ ಮಹಾನುಭಾವರಿದ್ದಾರೆ. ಅದು ಆರು ತಿಂಗಳು ಇವರ ಮನೆ, ಆರು ತಿಂಗಳು ಅವರ ಮನೆ ಎಂದು ಓಡಾಡಿ ಕೊನೆಗೆ ಯಾರ ಕಪಾಟಿನಲ್ಲಿ ಕೂತಿತೋ ಗೊತ್ತಿಲ್ಲ. ನಮ್ಮಲ್ಲಿ ಗೆದ್ದವರಿಗೆ ತಲಾ ಒಂದು ಕಿಲೋ ಕುಂದಾ, ಎರಡನೆಯವರಿಗೆ ಗೋಕಾಕ ಕರದಂಟು. ಕೊನೆಯ ಜೋಡಿಗೂ ತಲಾ ಒಂದು ಡಜನ್ ಚೆಂಡು ಕೊಡುತ್ತೇವೆ, ಯಾಕೆಂದರೆ ಅವತ್ತು ಜಾಸ್ತಿ ಕಳೆದುಕೊಂಡವರು ಅವರೇ. ಪಾರ್ 3ರಲ್ಲಿ ಹೋಲ್‌ಗೆ ಅತಿ ಹತ್ತಿರ ಹೊಡೆದವರಿಗೆ ಒಂದು ಸಣ್ಣ ಬಹುಮಾನ ಇರಲಿ. ಅದಕ್ಕಿಂತ ಜಾಸ್ತಿ ಬೇಡ, ಭಾಷಣ ಉದ್ದವಾಗುತ್ತದೆ.

ದೊಡ್ಡ ಹಾಳೆಯನ್ನು ಬಿಸಾಡಬೇಡಿ. ಮುಂದಿನ ಸಲ ಚೀಟಿ ಎತ್ತುವಾಗ ಹಿಂದಿನ ಜೋಡಿಯೇ ಮತ್ತೆ ಬಂದರೆ ನೀಲಿ ಚೀಟಿಯನ್ನು ಡಬ್ಬಿಗೆ ಹಾಕಿ ಇನ್ನೊಮ್ಮೆ ಎತ್ತುತ್ತೇವೆ. ಇದನ್ನೂ ಪುಟದಲ್ಲಿ ಬರೆದಿಡಿ. ಗೆದ್ದ ಇಬ್ಬರ ಹ್ಯಾಂಡಿಕ್ಯಾಪನ್ನು ನಿಮ್ಮ ಗುಂಪಿನ ಪಟ್ಟಿಯಲ್ಲಿ ಮುಂದಿನ ಪಂದ್ಯಕ್ಕೆ ಎರಡು ಇಳಿಸಿ, ಕುಂದಾ ಕೈಗೆ ಕೊಡುವಾಗಲೇ ಅದನ್ನೂ ಹೇಳಿಬಿಡಿ. ಬಾಯಲ್ಲಿ ಸಿಹಿ ಇರುವಾಗ ಯಾರೂ ವಾದ ಮಾಡುವುದಿಲ್ಲ.